ಕಾಪಿ ನಡುವೆ ಮಾಯವಾಗುತ್ತಿದ್ದ ಹಾರ್ಡ್ ಡಿಸ್ಕ್: ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ನನ್ನದು ಮದುವೆ ಫೋಟೊ, ವಿಡಿಯೊ ಸ್ಟುಡಿಯೊ. ಎಡಿಟಿಂಗ್ ಕಂಪ್ಯೂಟರ್‌ಗೆ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಒಂದು ಲಿನಕ್ಸ್ ಸಿಸ್ಟಂ) ಹಾಕಿದ್ದೇನೆ. ದೊಡ್ಡ ವಿಡಿಯೊ ಕಾಪಿ ಮಾಡುವಾಗ ಒಂದು ಎಕ್ಸ್‌ಟರ್ನಲ್ ಡಿಸ್ಕ್ ನಡುವೆಯೇ ಮಾಯವಾಗುತ್ತಿತ್ತು. ಒಮ್ಮೊಮ್ಮೆ ರೀಡ್-ಓನ್ಲಿ ಆಗಿಬಿಡುತ್ತಿತ್ತು, ಅಂದರೆ ಓದಬಹುದು, ಬರೆಯಲು ಆಗದು. "ಡಿಸ್ಕ್ ಹೋಗಿದೆ ಅಣ್ಣ, ಹೊಸದು ತಗೊಳ್ರಿ" ಎಂದ ಅಂಗಡಿ ಹುಡುಗ. ಯಾರದೋ ಮನೆಯ ಮದುವೆ ಅದರೊಳಗಿದೆ. ಸುಮ್ನೆ ಎತ್ತಿಡಲು ಆಗುತ್ತದಾ?

ಟರ್ಮಿನಲ್‌ನಲ್ಲಿ ಸಿಸ್ಟಂ ಸಂದೇಶಗಳನ್ನು ಬಂದ ಹಾಗೇ ತೋರಿಸುವ ಸುಡೊ ಡಿಮೆಸೇಜ್ ಕಮಾಂಡನ್ನು ಡಬ್ಲ್ಯೂ ಆಯ್ಕೆಯೊಂದಿಗೆ (sudo dmesg -w) ಓಡಲು ಬಿಟ್ಟು ಕಾಪಿ ಶುರು ಮಾಡಿದೆ. ಡಿಸ್ಕ್ ನಿಂತ ಗಳಿಗೆಯಲ್ಲಿ ಬರುವ ಸಾಲುಗಳನ್ನೇ ನೋಡಬೇಕು. 'ಯುಎಸ್‌ಬಿ ಡಿಸ್‌ಕನೆಕ್ಟ್' ಎಂದು ಬಂದರೆ ಮೊದಲು ಕರೆಂಟ್, ಕೇಬಲ್ ನೋಡಿ. 'ರೀಸೆಟ್' ಜೊತೆಗೆ 'ಯುಎಎಸ್' (ಯುಎಸ್‌ಬಿ ಡಿಸ್ಕ್‌ಗಳ ಒಂದು ವೇಗದ ಡ್ರೈವರ್) ಬಂದರೆ ಡ್ರೈವರ್ ಮತ್ತು ಕೇಸಿನೊಳಗಿನ ಚಿಪ್ ಮೇಲೆ ಅನುಮಾನ. 'ಮೀಡಿಯಂ ಎರರ್' ಬಂದರೆ ಡಿಸ್ಕೇ ಕೆಡುತ್ತಿದೆ. ಉಳಿದದ್ದೆಲ್ಲ ಬಿಟ್ಟು ಮೊದಲು ಡೇಟಾ ತೆಗೆಯಿರಿ.

ನನಗೆ ಮೊದಲ ಎರಡೂ ಬಂದವು. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಅಡಾಪ್ಟರ್ ಇಲ್ಲದ ಡಿಸ್ಕ್ ತಿರುಗಲು ಶುರುವಾಗುವಾಗ ಜಾಸ್ತಿ ಎಳೆಯುತ್ತದೆ. ಕಂಪ್ಯೂಟರಿನ ಮುಂಭಾಗದ ಪೋರ್ಟ್ ಬಿಟ್ಟು, ಹಿಂದೆ ನೇರ ಮದರ್‌ಬೋರ್ಡಿನ ಪೋರ್ಟಿಗೆ ಗಿಡ್ಡ ಕೇಬಲ್ ಹಾಕಿದೆ. ಡಿಸ್‌ಕನೆಕ್ಟ್ ನಿಂತಿತು. ರೀಸೆಟ್ ನಿಲ್ಲಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಡಿಸ್ಕಿನ ಕೇಸ್ ಚೆನ್ನಾಗಿಯೇ ಕಾಯುತ್ತದೆ, ಅದಕ್ಕೆ ಫ್ಯಾನ್ ಗಾಳಿಗೂ ಇಟ್ಟು ನೋಡಿದೆ. ಅದೇ ಕಥೆ.

ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡಿಗೆ ಟಿ ಆಯ್ಕೆ ಕೊಟ್ಟರೆ (lsusb -t) ಯಾವ ಡ್ರೈವರ್ ಎಂದು ಗೊತ್ತಾಗುತ್ತದೆ. ನನ್ನದು ಯುಎಎಸ್. ಇದು ಹಲವು ಕಮಾಂಡ್‌ಗಳನ್ನು ಒಟ್ಟಿಗೇ ಕಳಿಸುವುದರಿಂದ ವೇಗ ಜಾಸ್ತಿ. ಆದರೆ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೆಲವು ಸಾಟಾ-ಯುಎಸ್‌ಬಿ ಚಿಪ್‌ಗಳಿಗೆ ಅದು ಒಗ್ಗುವುದಿಲ್ಲ. ಅಂಥ ಚಿಪ್‌ಗಳ ಪಟ್ಟಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಪಟ್ಟಿಯಲ್ಲಿ ಇಲ್ಲದ್ದನ್ನು ನಾವೇ ಹೇಳಬೇಕು. ಆಯ್ಕೆಯಿಲ್ಲದ ಎಲ್‌ಎಸ್‌ಯುಎಸ್‌ಬಿ ತೋರಿಸುವ ವೆಂಡರ್, ಪ್ರಾಡಕ್ಟ್ ಐಡಿ ಬರೆದುಕೊಂಡೆ. ಇಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಕಾನ್ಫ್ ಫೈಲ್ ಮಾಡಿ, ಯುಎಸ್‌ಬಿ-ಸ್ಟೋರೇಜ್ ಎಂಬ ಹಳೆಯ ಡ್ರೈವರ್‌ನ ಕ್ವಿರ್ಕ್ಸ್ (quirks) ಆಯ್ಕೆಗೆ ಆ ಎರಡು ಐಡಿ, ಕೊನೆಗೆ ಯುಎಎಸ್ ಬೇಡ ಎನ್ನುವ ಸಣ್ಣ ಯು (u) ಅಕ್ಷರ ಕೊಟ್ಟೆ. ಮೂರರ ನಡುವೆಯೂ ಕೋಲನ್ ಇರಬೇಕು. ಬೂಟ್ ಆಗುವಾಗ ಮೊದಲು ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದೆ. ಈಗ ಡ್ರೈವರ್ ಯುಎಸ್‌ಬಿ-ಸ್ಟೋರೇಜ್. ವೇಗ ತುಸು ಇಳಿಯಿತು, ಪರವಾಗಿಲ್ಲ. ಪೂರ್ತಿ ಕಾಪಿ ಒಂದೂ ರೀಸೆಟ್ ಇಲ್ಲದೆ ಮುಗಿಯಿತು. ಯುಎಎಸ್ಅನ್ನು ಎಲ್ಲ ಡಿಸ್ಕ್‌ಗಳಿಗೂ ಬಂದ್ ಮಾಡಬೇಡಿ. ತೊಂದರೆ ಕೊಡುವ ಐಡಿಗೆ ಮಾತ್ರ ಸಾಕು.

ಆಮೇಲೆ ಅನ್‌ಮೌಂಟ್ ಮಾಡಿ ಫೈಲ್ ವ್ಯವಸ್ಥೆ ಪರೀಕ್ಷಿಸುವ ಎಫ್‌ಎಸ್‌ಸಿಕೆ (fsck) ಓಡಿಸಿದೆ, ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ (smartctl) ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತೊಂದರೆ ಕೊಟ್ಟ ಜಾಗಗಳ ಲೆಕ್ಕ, ನೋಡಿದೆ. ಸೊನ್ನೆ ಇತ್ತು.