ಹತ್ತಿಗಾಡಿ ಇಳಿದ ಘಟ್ಟದ ದಾರಿಯ ದುರಸ್ತಿ

'ಬ್ರಿಟಿಷರ ರಸ್ತೆ ಉಳಿಸಿ ಏನ್ ಮಾಡ್ತೀರಿ?' ಶಿರಸಿ–ಕುಮಟಾ ನಡುವಿನ ಹಳೆಯ ಗಾಡಿದಾರಿಯ ಕೆಲಸಕ್ಕೆ ಕೈಹಾಕಿದಾಗ ಬಹಳ ಜನ ಕೇಳಿದ್ದು ಇದನ್ನೇ. ಕೇಳಿದ್ದರಲ್ಲಿ ತಪ್ಪಿಲ್ಲ. ಈ ದೇವಿಮನೆ ಘಟ್ಟದ ದಾರಿ ಬ್ರಿಟಿಷರಿಗೆ ಬೇಕಾಗಿದ್ದು ಹತ್ತಿಗಾಗಿ. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಕುಮಟಾ ಬಂದರಿಗೆ ಇಳಿದು ಮುಂಬೈಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ತೀರಾ ಕಡಿಮೆಯಾಯಿತು. ನಮ್ಮ ಹತ್ತಿಗೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ವ್ಯಾಪಾರವಿತ್ತು. 1880ರ ದಶಕದ ಕೊನೆಗೆ ಗೋವಾದ ಮರ್ಮಗೋವಾ ಬಂದರಿನ ಕಡೆಗೆ ರೈಲು ಬಂತು, ಕುಮಟಾ ಬಂದರು ಸೊರಗಿತು.

ಆದರೆ ಕಲ್ಲು ಒಡೆದವರು, ಎತ್ತು ಹೊಡೆದವರು ಇಲ್ಲಿಯವರೇ ಅಲ್ವಾ? ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪು ಘಟ್ಟ ಹತ್ತಿದ್ದೂ ಹೀಗೇ ಎತ್ತಿನ ಬೆನ್ನ ಮೇಲೆ, ಗಾಡಿಯ ಮೇಲೆ. ಹಾಗಾಗಿ ಮೇಲಿನ ಊರು, ಕೆಳಗಿನ ಊರು ಎರಡನ್ನೂ ಸೇರಿಸಿಕೊಂಡೇ ಕೆಲಸ ಶುರು ಮಾಡಿದೆವು.

ಗುದ್ದಲಿಗಿಂತ ಮೊದಲು ಗ್ರಾಮ ನಕ್ಷೆ ಹಿಡಿದೆವು. ಹಳೆಯ ದಾರಿಯ ಬಹುಪಾಲನ್ನು ಡಾಂಬರು ರಸ್ತೆ ನುಂಗಿದೆ. ತಿರುವು ನೇರ ಮಾಡಿದ ಕಡೆ ಮಾತ್ರ ಅದರ ತುಂಡುಗಳು ಉಳಿದಿವೆ. ಊರಿನ ಜಮೀನಿನೊಳಗೆ ಹಾದ ದಾರಿ 'ಬಿ' ಖರಾಬು (ಸಾಗುವಳಿಗೆ ಸೇರದ, ಸಾರ್ವಜನಿಕ ಬಳಕೆಯ ಜಾಗ) ಅಂತ ದಾಖಲಾಗಿದ್ದರೆ ಅದು ಸಾರ್ವಜನಿಕರದ್ದು. ಬೇಲಿ ಹಾಕಿಕೊಂಡವರಿಗೆ ಆ ಕಾಗದ ತೋರಿಸಿದರೆ ಸಾಕು. (ಸಾಕು ಅಂತ ಬರೆಯುವುದು ಸುಲಭ, ಚಹಾ ಕುಡಿಯುತ್ತ ನಾಲ್ಕಾರು ಸಲ ಕೂರಬೇಕಾಗುತ್ತದೆ.) ಕಾಡಿನೊಳಗಿನ ತುಂಡಾದರೆ ಅರಣ್ಯ ಇಲಾಖೆ ಒಪ್ಪುವವರೆಗೆ ಒಂದು ಕೊಂಬೆಯನ್ನೂ ಕಡಿಯಬೇಡಿ.

ಜಾಸ್ತಿ ಹೊತ್ತು ಹಿಡಿದದ್ದು ದಾರಿಯಡಿ ನೀರು ದಾಟಿಸುವ ಮೋರಿ. ಘಟ್ಟದ ದಾರಿಗೆ ಗಾಡಿಗಿಂತ ನೀರೇ ದೊಡ್ಡ ಶತ್ರು. ಚರಂಡಿಯಲ್ಲಿ ಮಣ್ಣು ತುಂಬಿತೋ, ಮಳೆನೀರು ದಾರಿಯ ಮೇಲೆಯೇ ಹರಿದು ಕೊರೆಯತೊಡಗುತ್ತದೆ. ಹಾಗಾಗಿ ಮೊದಲು ಚರಂಡಿ ಬಿಡಿಸಿದೆವು. ಮೋರಿಯ ಗೋಡೆಯೊಳಗೆ ಬೇರುಬಿಟ್ಟ ಗಿಡಗಳನ್ನು ಕೀಳಲಿಲ್ಲ. ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ, ಬೇರು ಒಣಗಲು ಬಿಟ್ಟೆವು. ಸಂದುಗಳಿಗೆ ಸಿಮೆಂಟು ಹಾಕಬಾರದು. ಮೋರಿಯ ಚಿರೆಕಲ್ಲು (ಜಂಬಿಟ್ಟಿಗೆ) ನೀರು ಕುಡಿಯುತ್ತದೆ, ಸಿಮೆಂಟು ಆ ನೀರನ್ನು ಹೊರಗೆ ಬಿಡುವುದಿಲ್ಲ, ಕೊನೆಗೆ ಕಲ್ಲಿನ ಅಂಚೇ ಪುಡಿಯಾಗುತ್ತದೆ. ಸುಣ್ಣ, ಮರಳಿನ ಗಾರೆ ತುಂಬಿ, ಒದ್ದೆ ಗೋಣಿಚೀಲ ಹೊದಿಸಿ ವಾರಗಟ್ಟಲೆ ತಂಪಾಗಿಟ್ಟೆವು. ನಾನು ಚಡಪಡಿಸಿದ್ದು ನೋಡಿ, ಗಾರೆ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು, 'ತಮಾ, ಅವಸರ ಇದ್ರೆ ಸಿಮೆಂಟಿಗೇ ಹೋಗು' ಅಂದರು. ಆಮೇಲೆ ನಾನು ಬಾಯಿ ಬಿಡಲಿಲ್ಲ.

ರಸ್ತೆ ಅಗಲ ಮಾಡುವ ಕೆಲಸ ಬಂದಾಗ ಮೈಲಿಗಲ್ಲುಗಳ ಚಿಂತೆ ಹತ್ತಿತು. ಫೋಟೋ ತೆಗೆದು, ಜಿಪಿಎಸ್ ಗುರುತು ಹಾಕಿ ಪಟ್ಟಿ ಕೊಟ್ಟೆವು. ಎಲ್ಲವನ್ನೂ ಪಂಚಾಯಿತಿ ಅಂಗಳದಲ್ಲಿ ನಿಲ್ಲಿಸೋಣ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ದೂರ ಹೇಳುವ ಕಲ್ಲು ಜಾಗ ಬಿಟ್ಟರೆ ಸುಮ್ನೆ ಕಲ್ಲು. ಅದೇ ಮೈಲಿಯಲ್ಲಿ, ರಸ್ತೆಯಂಚಿಗೆ ಸರಿಸಿ ನೆಡುವುದೇ ಸರಿ.

ಚರಂಡಿ ಒಂದು ಸಲ ಬಿಡಿಸಿದರೆ ಮುಗಿಯುವುದಿಲ್ಲ. ಅದಕ್ಕೇ ಘಟ್ಟದ ಮೇಲಿನ, ಕೆಳಗಿನ ಎರಡೂ ಪಂಚಾಯಿತಿಗಳ ಗ್ರಾಮಸಭೆಯಲ್ಲಿ ಠರಾವು ಮಾಡಿಸಿದ್ದೇವೆ. ಜೂನ್‌ಗೆ ಮುಂಚೆ ಚರಂಡಿ ಬಿಡಿಸುವ ಪಾಳಿ ಒಂದು ವರ್ಷ ಅವರದು, ಒಂದು ವರ್ಷ ಇವರದು. ಈ ಸಲ ಕೆಳಗಿನವರದು.