ಸಂಡಿಗೆ ಮಾಡಲು ಬಂದರೆ ಕವರ್ ಮಾಡಲೂ ಬರುತ್ತದೆ

ಬಾಗಲಕೋಟೆಯಲ್ಲಿ ನಮ್ಮದು ಮನೆಯಲ್ಲೇ ನಡೆಸುವ ಸಣ್ಣ ವ್ಯಾಪಾರ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು. 2022ರ ಜುಲೈ 1ರಿಂದ ದೇಶದಲ್ಲಿ ಬಂದ್ ಆದ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಸಿಹಿ ಡಬ್ಬಿಗೆ ಸುತ್ತುವ ತೆಳು ಹಾಳೆಯೂ ಇತ್ತು. ನಾವೂ ಅದನ್ನೇ ಸುತ್ತುತ್ತಿದ್ದೆವು. ಪಿಷ್ಟದಿಂದ ಹಾಳೆ ಮಾಡುವ ಹುಚ್ಚು ಹಿಡಿದದ್ದು ಆಗಲೇ.

ಮೊದಲು ಆಸೆಪಟ್ಟದ್ದು ರೊಟ್ಟಿಗೆ. ಜೋಳದ ರೊಟ್ಟಿಗೆ ಜೋಳದ್ದೇ ಕವರ್, ಕೇಳೋಕೆ ಚೆಂದ ಅಲ್ವಾ? ಬಿಳಿ ಜೋಳ ರಾತ್ರಿ ನೆನೆಸಿ, ರುಬ್ಬಿ, ಹಳೇ ಧೋತರದಲ್ಲಿ ಸೋಸಿದೆ. ಹಾಲು ತಳ ಕೂತ ಮೇಲೆ ಮೇಲಿನ ನೀರು ಚೆಲ್ಲಿ ಪಿಷ್ಟ ಒಣಗಿಸಿದೆ. 1 ಲೀಟರ್ ನೀರಿಗೆ 50 ಗ್ರಾಂ ಪಿಷ್ಟ ಹಾಕಿ ಕಾಯಿಸಿದರೆ 70 ಡಿಗ್ರಿ ದಾಟುವ ಹೊತ್ತಿಗೆ ಗಂಜಿ ಗಟ್ಟಿಯಾಗುತ್ತದೆ. ಆಗಲೇ ಇಳಿಸಬಾರದು. 90ರ ಹತ್ತಿರ ಹತ್ತು ನಿಮಿಷ ತಿರುವುತ್ತಲೇ ಇರಬೇಕು. ಇಲ್ಲದಿದ್ದರೆ ಬೇಯದ ಪಿಷ್ಟ ಹಾಳೆಯಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಸಂಡಿಗೆ ಹಿಟ್ಟು ಕಾಸಿದವರಿಗೆ ಇದೇನು ಹೊಸದಲ್ಲ.

ಮೊದಲ ಹಾಳೆ ಹಪ್ಪಳದ ಹಾಗೆ ಮುರಿಯಿತು. ಗ್ಲಿಸರಿನ್ ಹಾಕಿರಲಿಲ್ಲ. 50 ಗ್ರಾಂ ಪಿಷ್ಟಕ್ಕೆ 15 ಗ್ರಾಂ ಹಾಕಿದಾಗ ಮಡಚಲು ಬಂತು. 25 ಹಾಕಿದಾಗ ಕೈಗೆ ಅಂಟಿತು, ಇರುವೆಯೂ ಬಂತು. ಊಟದ ಸಾಮಾನಿಗೆ ಆಹಾರ ದರ್ಜೆಯ ಗ್ಲಿಸರಿನ್ನೇ ಬೇಕು, ಅದರಲ್ಲಿ ಉಳಿತಾಯ ಬೇಡ.

ಒಣಗಿಸುವುದೇ ದೊಡ್ಡ ತಲೆನೋವು. ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲಿಟ್ಟೆ. ಅಂಚು ಮೊದಲು ಒಣಗಿ ಎದ್ದು ಸೀಳಿತು, ಧೂಳು ಬೇರೆ. ಈಗ ಒಳಗೆ ನೆರಳಲ್ಲಿ, ಫ್ಯಾನ್ ಗಾಳಿಗೆ ದೂರ ಇಡುತ್ತೇನೆ. ಸ್ಟೀಲ್ ತಾಟಿಗೆ ಕಚ್ಚಿಕೊಂಡು ಬಿಡುವುದೇ ಇಲ್ಲ. ನುಣುಪಾದ ಪ್ಲಾಸ್ಟಿಕ್ ತಟ್ಟೆಯಿಂದ ಸಲೀಸಾಗಿ ಏಳುತ್ತದೆ. ಹೌದು, ಪ್ಲಾಸ್ಟಿಕ್ ಬಿಡಲು ಪ್ಲಾಸ್ಟಿಕ್ ತಟ್ಟೆ, ನಗಬೇಡಿ. ಹತ್ತು ಇಂಚಿನ ತಟ್ಟೆಗೆ 100 ಮಿಲಿ ಗಂಜಿ ಸುರಿದರೆ ಸುಮಾರು 0.1 ಮಿಲಿಮೀಟರ್ ದಪ್ಪದ ಹಾಳೆ.

ರೊಟ್ಟಿ ಸುತ್ತಿಟ್ಟೆ. ಶ್ರಾವಣದ ಹವೆಯಲ್ಲಿ ಎರಡೇ ದಿನಕ್ಕೆ ಮೆತ್ತಗಾಯಿತು. ಪಿಷ್ಟಕ್ಕೆ ನೀರೆಂದರೆ ಪ್ರೀತಿ. ಹೊರಗಿನ ತೇವ ಹೀರಿ ಒಳಗೆ ಬಿಡುತ್ತದೆ. ಜೇನುಮೇಣ ಸವರಿ ನೋಡಿದೆ, ಸ್ವಲ್ಪ ತಡೆಯಿತು, ಆದರೆ ಮಡಚಿದ ಕಡೆ ಬಿರಿಯಿತು.

ಸುಮ್ನೆ ಬಿಟ್ಟುಬಿಡೋಣ ಅನ್ನುವಾಗ ಒಂದು ತುಂಡು ಕರದಂಟಿಗೆ ಸುತ್ತಿದೆ. ವಾರವಾದರೂ ತುಪ್ಪದ ಕಲೆ ಹೊರಗೆ ಬರಲಿಲ್ಲ. ನೀರಿನ ಆವಿಗೆ ದಾರಿ ಬಿಡುವ ಇದೇ ಹಾಳೆ ಜಿಡ್ಡನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ರೊಟ್ಟಿಯ ಆಸೆ ಬಿಟ್ಟೆ. ಈಗ ಮನೆಗೆ ಬರುವವರಿಗೆ ಕೊಡುವ ಕರದಂಟಿನ ಒಂದೊಂದು ತುಂಡಿಗೂ ಇದೇ ಒಳಹಾಳೆ. ಮಳೆಗಾಲದಲ್ಲಿ ಬೆಲ್ಲಕ್ಕೆ ಅಂಟುವುದರಿಂದ ಆಗ ಮಾತ್ರ ಬಟರ್ ಪೇಪರ್.

ಹೂಕುಂಡದಲ್ಲಿ ಹೂತಿಟ್ಟ ತುಂಡನ್ನು ಮೂರು ವಾರ ಬಿಟ್ಟು ಕೆದಕಿದೆ. ಸಿಗಲಿಲ್ಲ. ಆದರೆ ಡಬ್ಬಿಯಲ್ಲಿಟ್ಟ ಹಾಳೆಯೂ ತಿಂಗಳಾದರೆ ಬಿರುಸಾಗಿ, ಮಡಚಿದಾಗ ಚಟ್ ಅನ್ನುತ್ತದೆ. ಆರಿದ ಅನ್ನ ಬಿರುಸಾಗುತ್ತದಲ್ಲ, ಹಾಗೆ. ಅದಕ್ಕೇ ಜಾಸ್ತಿ ಮಾಡಿಡುವುದಿಲ್ಲ. ದೀಪಾವಳಿಗೆ ಬೇಕಾದ ಹಾಳೆಗೆ ದಸರಾ ಮುಗಿದ ಮೇಲೆಯೇ ಜೋಳ ನೆನೆಸುವುದು.