ನಿಮ್ಮ ಪೂಲಿಗೆ ಎಷ್ಟು ದೊಡ್ಡ ಉಪ್ಪಿನ ಕ್ಲೋರಿನೇಟರ್ ಬೇಕು? ನಮ್ಮ ಕಾಸರಗೋಡಿನ ಬಿಸಿಲು-ಮಳೆಯ ಲೆಕ್ಕ

ಡಬ್ಬದ ಮೇಲೆ "50 ಸಾವಿರ ಲೀಟರ್ ವರೆಗಿನ ಪೂಲಿಗೆ" ಎಂದು ಬರೆದಿತ್ತು. ನಮ್ಮದು 43 ಸಾವಿರ ಲೀಟರಿನ ಪೂಲ್. ಧಾರಾಳವಾಯಿತಲ್ವಾ ಅಂದುಕೊಂಡು ತಂದೆವು. ಡಿಸೆಂಬರಿನಿಂದ ಫೆಬ್ರವರಿ ತನಕ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಏಪ್ರಿಲ್ ರಜೆಗೆ ಅಕ್ಕನ ಮಕ್ಕಳು, ಬಾವನ ಮನೆಯವರು ಎಲ್ಲ ಸೇರಿ ಹನ್ನೆರಡು ಜನ ಬಂದು ಬೆಳಗ್ಗೆ ಸಂಜೆ ನೀರಿಗಿಳಿದರು. ಮೂರನೇ ದಿನ ನೀರು ಮಬ್ಬಾಯಿತು. ಐದನೇ ದಿನ ಗೋಡೆಗೆ ಪಾಚಿ. ಮೆಷಿನ್ ನೂರಕ್ಕೆ ನೂರರಲ್ಲಿ ಓಡುತ್ತಲೇ ಇತ್ತು, ಏನೂ ಕೆಟ್ಟಿರಲಿಲ್ಲ. ಅದು ನಮ್ಮ ಪೂಲಿಗೆ ಚಿಕ್ಕದಾಗಿತ್ತು, ಅಷ್ಟೆ.

ಈಗ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಮನೆ ಕಟ್ಟುವಾಗಲೇ ಪೂಲಿಗೆ ಜಾಗ ಬಿಡುವವರಿದ್ದಾರೆ, ಹೋಂಸ್ಟೇ ಮಾಡುವವರೂ ಇದ್ದಾರೆ. ಅವರಿಗೆ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಡಬ್ಬದ ಮೇಲಿನ ಲೀಟರ್ ನೋಡಬೇಡಿ. ಗಂಟೆಗೆ ಎಷ್ಟು ಗ್ರಾಂ ಕ್ಲೋರಿನ್ ಕೊಡುತ್ತದೆ ಅನ್ನುವುದನ್ನು ನೋಡಿ.

ಮೊದಲು ಈ ಮೆಷಿನ್ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಪೂಲಿನ ನೀರಿಗೆ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಹಾಕುತ್ತೇವೆ. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ, ಹಾಗಾಗಿ ಇದು ಬಾಯಿಗೆ ಅಷ್ಟೇನೂ ಉಪ್ಪಾಗುವುದಿಲ್ಲ. ಆ ನೀರು ಸೆಲ್‌ನೊಳಗಿನ ಟೈಟೇನಿಯಂ ತಗಡುಗಳ ನಡುವೆ ಹಾದುಹೋಗುವಾಗ ಕರೆಂಟ್ ಉಪ್ಪನ್ನು ಒಡೆದು ಕ್ಲೋರಿನ್ ಮಾಡುತ್ತದೆ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪೇ ಆಗುತ್ತದೆ. ಉಪ್ಪು ಖರ್ಚಾಗುವುದು ನೀರು ಹೊರಚೆಲ್ಲಿದಾಗ, ಫಿಲ್ಟರ್ ತೊಳೆದಾಗ, ಮತ್ತೆ ನಮ್ಮ ಮಳೆಗೆ.

ಇನ್ನು ಲೆಕ್ಕ. ನಮ್ಮಲ್ಲಿ ಕಟ್ಟುವವರು ಅಡಿಯಲ್ಲೇ ಮಾತಾಡುವುದು, ಹಾಗಾಗಿ ಅಡಿಯಲ್ಲೇ ಹೇಳುತ್ತೇನೆ. ಉದ್ದ, ಅಗಲ, ಸರಾಸರಿ ಆಳ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನಮ್ಮದು 26 ಅಡಿ ಉದ್ದ, 13 ಅಡಿ ಅಗಲ. ಒಂದು ಕಡೆ ಮೂರೂವರೆ, ಇನ್ನೊಂದು ಕಡೆ ಐದೂವರೆ ಅಡಿ ಆಳ, ಸರಾಸರಿ ನಾಲ್ಕೂವರೆ. ಗುಣಿಸಿದರೆ 1521 ಘನ ಅಡಿ, ಅಂದರೆ ಸುಮಾರು 43 ಸಾವಿರ ಲೀಟರ್. ಕಟ್ಟಿದವರು ಬಾಯಿಮಾತಿಗೆ ಹೇಳಿದ ಅಳತೆ ನಂಬಬೇಡಿ. ಟೇಪ್ ಹಿಡಿದು ನೀರು ನಿಲ್ಲುವ ಮಟ್ಟದಿಂದ ನೀವೇ ಅಳೆಯಿರಿ.

ಆಮೇಲೆ ದಿನದ ಖರ್ಚು. ಸಾವಿರ ಲೀಟರಿಗೆ ಒಂದು ಗ್ರಾಂ ಕ್ಲೋರಿನ್ ಹಾಕಿದರೆ ಒಂದು ಪಿಪಿಎಂ. ಬಯಲಿನಲ್ಲಿರುವ ಪೂಲ್ ಬಿಸಿಲುಗಾಲದಲ್ಲಿ ದಿನಕ್ಕೆ 2ರಿಂದ 4 ಪಿಪಿಎಂ ತಿನ್ನುತ್ತದೆ. ನಡುವಿನ 3 ಹಿಡಿದರೂ 43 ಸಾವಿರ ಲೀಟರಿಗೆ ದಿನಕ್ಕೆ 129 ಗ್ರಾಂ ಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಇರುವುದು ಹೆಚ್ಚೆಂದರೆ ಮೂರನೇ ಒಂದು ಪಾಲು, ಅಂದರೆ ಹತ್ತಿರ ಹತ್ತಿರ 400 ಗ್ರಾಂ ಪೌಡರ್ ದಿನಾ ಸುರಿದ ಹಾಗೆ. ಮೆಷಿನ್ ಮಾಡಬೇಕಾದ ಕೆಲಸ ಎಷ್ಟು ಅಂತ ಇದರಿಂದ ಅಂದಾಜು ಸಿಗುತ್ತದೆ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪಂಪ್ ಓಡುವಾಗ ಮಾತ್ರ ಮೆಷಿನ್ ಕ್ಲೋರಿನ್ ಮಾಡುತ್ತದೆ. ಡಬ್ಬದ ಮೇಲಿನ ಲೀಟರ್ ಲೆಕ್ಕ ಎಷ್ಟೋ ಸಲ ದಿನದ 24 ಗಂಟೆಯೂ ಪಂಪ್ ಓಡುತ್ತದೆ, ಬಿಸಿಲು ಹದವಾಗಿರುತ್ತದೆ ಅಂತ ಇಟ್ಟುಕೊಂಡು ಮಾಡಿದ್ದು. ನಮ್ಮಲ್ಲಿ ಯಾರು ಅಷ್ಟು ಓಡಿಸುತ್ತಾರೆ? ಒಂದು ಎಚ್‌ಪಿ ಪಂಪ್ ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಕರೆಂಟ್ ತಿನ್ನುತ್ತದೆ. ನಾವು 8 ಗಂಟೆ ಅಂತ ಟೈಮರ್ ಇಡುತ್ತೇವೆ, ನಡುವೆ ಕರೆಂಟ್ ಹೋಗಿ ಬಂದು ಕೈಗೆ ಸಿಗುವುದು 7 ಗಂಟೆ. 129 ಗ್ರಾಮನ್ನು 7ರಿಂದ ಭಾಗಿಸಿ, ಗಂಟೆಗೆ ಹದಿನೆಂಟೂವರೆ ಗ್ರಾಂ ಬೇಕು. ನಾವು ತಂದದ್ದು 10 ಗ್ರಾಮಿನ ಮೆಷಿನ್. ಆ 7 ಗಂಟೆ ಪೂರ್ತಿ ದುಡಿದರೂ 70 ಗ್ರಾಂ. ಪಾಚಿ ಹಿಡಿಯದೆ ಇನ್ನೇನಾಗಬೇಕು?

ಹದಿನೆಂಟೂವರೆ ಬೇಕು ಅಂತ 20 ಗ್ರಾಮಿನದ್ದು ತಂದರೂ ಸಾಲದು. ಅದು ಯಾವಾಗಲೂ ತುದಿಯಲ್ಲೇ ಓಡುತ್ತದೆ, ನೆಂಟರು ಬಂದ ವಾರ ಏರಿಸಲು ಜಾಗವೇ ಇರುವುದಿಲ್ಲ. ಬಂದ ಅಂಕಿಯ ಒಂದೂವರೆ ಪಟ್ಟು ತೆಗೆದುಕೊಳ್ಳಿ. ನಮಗೆ ಅದು 28 ಆಯಿತು, 30 ಗ್ರಾಮಿನದ್ದು ಹಾಕಿದೆವು. ಈಗ ಮಾಮೂಲು ದಿನಗಳಲ್ಲಿ ನೂರಕ್ಕೆ 60ರಲ್ಲಿ ಇಟ್ಟರೆ ಸಾಕಾಗುತ್ತದೆ. ದೊಡ್ಡದಕ್ಕೆ ದುಡ್ಡು ಜಾಸ್ತಿ, ನಿಜ. ಆದರೆ ಸೆಲ್‌ನ ಆಯಸ್ಸು ಲೆಕ್ಕ ಹಾಕುವುದು ಗಂಟೆಯಲ್ಲಿ, ಸಾಮಾನ್ಯವಾಗಿ 8ರಿಂದ 10 ಸಾವಿರ ಗಂಟೆ. 60ರಲ್ಲಿ ಇಟ್ಟರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಸೆಲ್ ದುಡಿಯುತ್ತದೆ, ಉಳಿದ ಹೊತ್ತು ಸುಮ್ನೆ ಇರುತ್ತದೆ, ಹಾಗಾಗಿ ಅಷ್ಟು ಜಾಸ್ತಿ ವರ್ಷ ಬಾಳುತ್ತದೆ. ಇಡೀ ಮೆಷಿನ್‌ನಲ್ಲಿ ಬದಲಿಸಲು ದುಬಾರಿಯಾದ ಭಾಗ ಅದೇ. ಹಾಗಂತ ಮೂರು ಪಟ್ಟಿನದ್ದು ತರುವ ಅಗತ್ಯ ಏನೂ ಇಲ್ಲ.

ಪೂಲ್ ಈಗಾಗಲೇ ಇದ್ದು ಪೌಡರಿನಿಂದ ಉಪ್ಪಿಗೆ ಬದಲಾಗುವವರಾದರೆ ನಿಮಗೊಂದು ಅನುಕೂಲ ಇದೆ: 3 ಅನ್ನುವ ನನ್ನ ಅಂದಾಜು ನಿಮಗೆ ಬೇಡ, ನಿಮ್ಮ ಪೂಲಿನ ನಿಜವಾದ ಖರ್ಚನ್ನೇ ಅಳೆಯಬಹುದು. ಮಾರ್ಚ್ ಅಥವಾ ಏಪ್ರಿಲಿನ ಒಂದು ಬಿಸಿಲಿನ ದಿನ, ಬೆಳಗ್ಗೆ ಬಿಸಿಲು ಬೀಳುವ ಮೊದಲು, ಬಣ್ಣದಿಂದ ಮಟ್ಟ ತಿಳಿಸುವ ಡಿಪಿಡಿ ಕಿಟ್‌ನಲ್ಲಿ ಕ್ಲೋರಿನ್ ನೋಡಿ, 5 ಪಿಪಿಎಂ ಹತ್ತಿರ ಇರಲಿ. ಇಡೀ ದಿನ ಏನೂ ಹಾಕಬೇಡಿ, ಸಂಜೆ ಸೂರ್ಯ ಮುಳುಗಿದ ಮೇಲೆ ಮತ್ತೆ ನೋಡಿ, ಎರಡರ ವ್ಯತ್ಯಾಸವೇ ನಿಮ್ಮ ಹಗಲಿನ ಖರ್ಚು. ಮರುದಿನ ಬೆಳಗ್ಗೆ ಇನ್ನೊಮ್ಮೆ ನೋಡಿ. ರಾತ್ರಿಯಲ್ಲೇ 1ಕ್ಕಿಂತ ಜಾಸ್ತಿ ಇಳಿದಿದ್ದರೆ ಒಳಗೆ ಪಾಚಿ ಬೆಳೆಯುತ್ತಿದೆ ಅಂತ ಅರ್ಥ. ಅದನ್ನು ಮೊದಲು ಕೊಂದು ಆಮೇಲೆ ಲೆಕ್ಕಕ್ಕೆ ಕೂರಿ, ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ.

ಬಿಸಿಲಿಗೆ ಕ್ಲೋರಿನ್ ತಡೆಯುವುದಿಲ್ಲ. ಸಯನ್ಯೂರಿಕ್ ಆಸಿಡ್ ಅನ್ನುವ ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ನಡುಹಗಲಿನ ಬಿಸಿಲು ಅರ್ಧದಷ್ಟು ಕ್ಲೋರಿನನ್ನು ಒಂದು ಗಂಟೆಯೊಳಗೆ ತಿಂದುಹಾಕುತ್ತದೆ. ಉಪ್ಪಿನ ಪೂಲಿಗೆ ಅದು 60ರಿಂದ 80 ಪಿಪಿಎಂ ಇರಲಿ. ಅದಿಲ್ಲದೆ ಎಷ್ಟು ದೊಡ್ಡ ಮೆಷಿನ್ ಹಾಕಿದರೂ ತೂತು ಕೊಡದಲ್ಲಿ ನೀರು ತುಂಬಿಸಿದ ಹಾಗೆ.

ಇನ್ನು ನೀರು. ಮುರಕಲ್ಲಿನ ಗುಡ್ಡಕ್ಕೆ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಸೆಲ್‌ಗೆ ಸುಣ್ಣ ಹಿಡಿಯುವುದು ಕಮ್ಮಿ, ಇದು ನಮ್ಮ ಭಾಗ್ಯ. ಆದರೆ ಅಂಥ ನೀರಿನಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನಿಂತಲ್ಲಿ ನಿಲ್ಲುವುದಿಲ್ಲ, ಅಡುಗೆ ಸೋಡಾ ಹಾಕಿ ಹಿಡಿದಿಡಬೇಕು. ಮೆಷಿನ್ ಓಡಿದ ಹಾಗೆ ಪಿಎಚ್ ಏರುತ್ತದೆ, ಆಗ ಆಸಿಡ್ ಬೇಕು, 7.2ರಿಂದ 7.8ರ ಒಳಗೆ ಇರಲಿ. ಬೋರಿನ ನೀರಾದರೆ ಕಬ್ಬಿಣ ಇದೆಯಾ ಅಂತ ಮೊದಲೇ ಪರೀಕ್ಷೆ ಮಾಡಿಸಿ. ಕಬ್ಬಿಣ ಇದ್ದರೆ ಕ್ಲೋರಿನ್ ತಾಗಿದ ಕೂಡಲೇ ನೀರು ಕಂದಾಗುತ್ತದೆ.

ತೋಟದ ಪಕ್ಕದಲ್ಲೇ ಪೂಲ್ ಇದ್ದರೆ ಎರಡು ಜಾಗ್ರತೆ. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವ ದಿನ ಪೂಲನ್ನು ಟಾರ್ಪಾಲಿನಿಂದ ಮುಚ್ಚಿ, ಆ ಮದ್ದಾದ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತು ನೀರಿಗೆ ಬಿದ್ದರೆ ಗೋಡೆಗೆ ಕಲೆ ಕೂರುತ್ತದೆ. ಇನ್ನೊಂದು, ಫಿಲ್ಟರ್ ತೊಳೆದ ಉಪ್ಪುನೀರನ್ನು ಅಡಿಕೆ ಬುಡಕ್ಕೆ ಬಿಡಬೇಡಿ. ಅಡಿಕೆಗೆ ಉಪ್ಪು ಆಗುವುದಿಲ್ಲ.

ಕಡೆಯದಾಗಿ ಮಳೆಗಾಲ. ಪರದೇಶದ ಯಾವ ಪುಸ್ತಕದಲ್ಲೂ ನಮ್ಮ ಮಳೆಯ ಲೆಕ್ಕ ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ 2800 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ನಮ್ಮ ಪೂಲಿನ ಮೇಲೆಯೇ ಬೀಳುವ ನೀರು 88 ಸಾವಿರ ಲೀಟರ್, ಪೂಲಿನಲ್ಲಿರುವ ನೀರಿನ ಎರಡು ಪಟ್ಟು! ಅದು ಪೂರ್ತಿ ಬೆರೆತು ತುಂಬಿ ಹರಿದರೆ ಹಾಕಿದ ಉಪ್ಪಿನಲ್ಲಿ ಎಂಟನೇ ಒಂದು ಪಾಲಷ್ಟೇ ಉಳಿಯುತ್ತದೆ. ಮಳೆನೀರು ಹಗುರವಾದ್ದರಿಂದ ಒಂದಷ್ಟು ಮೇಲಿಂದಲೇ ಹರಿದುಹೋಗುತ್ತದೆ, ಆದರೂ ಹೆಚ್ಚಿನ ಉಪ್ಪು, ಸ್ಟೆಬಿಲೈಸರ್ ಎರಡೂ ಹೋದವೇ ಅಂತ ಇಟ್ಟುಕೊಳ್ಳಿ. ಜುಲೈಯಲ್ಲಿ ಮೆಷಿನ್ "ಉಪ್ಪು ಕಮ್ಮಿ" ಅಂತ ದೀಪ ತೋರಿಸಿದರೆ ಗಾಬರಿ ಬಿದ್ದು ಮೂಟೆ ಸುರಿಯಬೇಡಿ, ಮುಂದಿನ ವಾರ ಅದೂ ಚರಂಡಿಗೆ ಹೋಗುತ್ತದೆ. ನಾವು ಜೂನ್ ಮೊದಲ ವಾರಕ್ಕೆ ಮೆಷಿನ್ ಆಫ್ ಮಾಡಿ, ಗುಡುಗು ಮಿಂಚಿಗೆ ಸಿಗದ ಹಾಗೆ ಕಂಟ್ರೋಲ್ ಬಾಕ್ಸಿನ ಪ್ಲಗ್ ಕಿತ್ತಿಡುತ್ತೇವೆ. ಮಳೆಗಾಲವಿಡೀ ದ್ರವ ಕ್ಲೋರಿನನ್ನು ಕೈಯಲ್ಲೇ ಹಾಕುತ್ತೇವೆ, ಬಿಸಿಲಿಲ್ಲದ ಕಾರಣ ಅದೂ ಸ್ವಲ್ಪವೇ ಸಾಕು.

ದೀಪಾವಳಿ ಹೊತ್ತಿಗೆ ಆಕಾಶ ತಿಳಿಯಾದ ಮೇಲೆ ಉಪ್ಪಿನ ಮಟ್ಟ ಅಳೆದು ಕೊರತೆ ತುಂಬಿಸಿ. ಉಪ್ಪೇ ಇಲ್ಲದ ನೀರಿನಿಂದ ಶುರುಮಾಡಿದರೆ 43 ಸಾವಿರ ಲೀಟರಿಗೆ 150 ಕಿಲೋ, ಐವತ್ತು ಕಿಲೋದ ಮೂರು ಮೂಟೆ. ಅಯೋಡಿನ್ ಬೆರೆಸದ, ಶುದ್ಧ ಉಪ್ಪು ಆಗಬೇಕು. ಪಂಪ್ ಓಡಿಸಿಕೊಂಡೇ ಆಳದ ಕಡೆಯಿಂದ ಸುತ್ತ ಎರಚಿ, ತಳದಲ್ಲಿ ರಾಶಿ ಬಿದ್ದದ್ದನ್ನು ಬ್ರಷ್‌ನಿಂದ ಕಲಕಿ, ಒಂದು ದಿನ ಪೂರ್ತಿ ಕರಗಲು ಬಿಡಿ. ಮೆಷಿನ್ ಆನ್ ಮಾಡುವುದು ಮರುದಿನ.